ಭಾರದ ಟೆಲಿಫೋಟೋ ಲೆನ್ಸನ್ನು ಭುಜಕ್ಕೊಪ್ಪಿಸುವ ಬಗೆ

ಮಲೆನಾಡಿನಲ್ಲಿ ಟ್ರೈಪಾಡ್ ಊರಲು ಹದವಾದ ಜಾಗ ಸಿಗುವುದು ಕಷ್ಟ. ಅಡಿಕೆ ತೋಟದ ಬಸಿಗಾಲುವೆಯ ಅಂಚಿನಲ್ಲಿ ನಿಲ್ಲಿಸಿದರೆ ಒಂದು ಕಾಲು ಕೆಸರಿನಲ್ಲಿ ಹೂತುಹೋಗುತ್ತದೆ. ಆಗುಂಬೆಯ ಕಡೆಯ ಕಾಡಿನ ಇಳಿಜಾರಿನಲ್ಲಿ ಮೂರು ಕಾಲುಗಳನ್ನೂ ಬೇರೆ ಬೇರೆ ಉದ್ದಕ್ಕೆ ಎಳೆದು ಬಿಗಿ ಮಾಡುವಷ್ಟರಲ್ಲಿ ಮಂಗಟ್ಟೆ ಹಕ್ಕಿ (ಹಾರ್ನ್‌ಬಿಲ್) ಕಣಿವೆಯನ್ನು ದಾಟಿ ಹೋಗಿರುತ್ತದೆ. ಲಕ್ಕವಳ್ಳಿಯಲ್ಲಿ ಭದ್ರಾ ಜಲಾಶಯದ ದೋಣಿಯೊಳಗೆ ಟ್ರೈಪಾಡ್ ಇಟ್ಟರೆ ಎಂಜಿನ್ನಿನ ನಡುಕವೆಲ್ಲ ಅದರ ಕಾಲುಗಳ ಮೂಲಕ ನೇರವಾಗಿ ಲೆನ್ಸಿಗೆ ಏರುತ್ತದೆ. ಹಾಗೆಂದು ಮೂರು ನಾಲ್ಕು ಕಿಲೋ ತೂಗುವ ಲೆನ್ಸನ್ನು ಬರಿಗೈಯಲ್ಲಿ ಎತ್ತಿ ಹಿಡಿದು ಹಕ್ಕಿ ತಲೆಯೆತ್ತುವ ತನಕ ಕಾಯುವೆನೆಂದರೆ ಎರಡು ನಿಮಿಷದೊಳಗೆ ಎಡತೋಳು ನಡುಗಲು ಶುರುವಾಗುತ್ತದೆ. ಈ ಎರಡರ ನಡುವಿನ ದಾರಿಯೇ ಶೋಲ್ಡರ್ ಮೌಂಟ್, ಅಂದರೆ ಕೋವಿಯ ಹಿಡಿಯಂತೆ ಭುಜಕ್ಕೆ ಆನಿಸಿಕೊಂಡು ಲೆನ್ಸನ್ನು ಹಿಡಿಯುವ ಆಸರೆ. ಹಲವು ವರ್ಷಗಳಿಂದ ಇದನ್ನು ಬಳಸಿ ನಾನು ಕಂಡುಕೊಂಡಿದ್ದೇನೆಂದರೆ, ಹೊಲಿಸಿದ ಅಂಗಿಯಂತೆ ಇದು ಹಿಡಿಯುವವರ ಮೈಗೆ ಸರಿಯಾಗಿ ಕೂರಬೇಕು. ಮೈಗೆ ಕೂರದ ಆಸರೆ ಬರಿಗೈಗಿಂತಲೂ ಕಡೆ. ಆದ್ದರಿಂದ ಈ ಬರಹದಲ್ಲಿ ಅಳತೆಯ ವಿಷಯಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ನಡುಕ ಎಷ್ಟು ಸಣ್ಣದೆಂಬುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು. 600 ಮಿ.ಮೀ. ಲೆನ್ಸು ಫುಲ್ ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾದಲ್ಲಿ ಮೂಲೆಯಿಂದ ಮೂಲೆಗೆ ಸುಮಾರು ನಾಲ್ಕು ಡಿಗ್ರಿಯಷ್ಟೇ ನೋಟವನ್ನು ಹಿಡಿಯುತ್ತದೆ. 45 ಮೆಗಾಪಿಕ್ಸೆಲ್ ಸೆನ್ಸರಿನಲ್ಲಿ ಒಂದೊಂದು ಪಿಕ್ಸೆಲ್‌ನ ಅಗಲ ಹೆಚ್ಚುಕಡಿಮೆ 4.35 ಮೈಕ್ರಾನ್. ಲೆಕ್ಕ ಹಾಕಿದರೆ, 40 ಸೆಂ.ಮೀ. ಉದ್ದದ ಲೆನ್ಸಿನ ಮುಂತುದಿ ಶಟರ್ ತೆರೆದಿರುವಾಗ ಬರೀ ಮೂರು ಮೈಕ್ರಾನಿನಷ್ಟು ಮೇಲೆ ಅಥವಾ ಕೆಳಗೆ ಸರಿದರೂ ಚಿತ್ರ ಒಂದು ಪಿಕ್ಸೆಲ್‌ನಷ್ಟು ಸರಿದಿರುತ್ತದೆ. ತಲೆಗೂದಲಿನ ದಪ್ಪದ ಇಪ್ಪತ್ತರಲ್ಲಿ ಒಂದು ಭಾಗಕ್ಕಿಂತ ಅದು ಹೆಚ್ಚಿಲ್ಲ. ನಾಡಿ ಮಿಡಿತವೊಂದೇ ಅದಕ್ಕಿಂತ ಹೆಚ್ಚು ಅಲುಗಿಸುತ್ತದೆ. ಇಂತಹ ಅಲುಗಾಟವನ್ನು ಯಾವ ಆಸರೆಯೂ ಪೂರ್ತಿ ಇಲ್ಲವಾಗಿಸುವುದಿಲ್ಲ. ಶೋಲ್ಡರ್ ಮೌಂಟ್ ಮಾಡುವ ಕೆಲಸವೆಂದರೆ, ಒಂದೇ ಕೈಯ ಮೇಲೆ ತಕ್ಕಡಿಯಂತೆ ತೂಗುವ ಲೆನ್ಸಿಗೆ ಹಿಂದುಗಡೆ ಎರಡನೆಯ ಆಧಾರವನ್ನು ಕೊಟ್ಟು, ಮೇಲೆ ಕೆಳಗೆ ಆಡುವ ಬೀಸು ಅಲುಗಾಟವನ್ನು ನಿಧಾನವಾದ, ಸಣ್ಣದಾದ ತೇಲಾಟವನ್ನಾಗಿ ಮಾಡುವುದು. ಆಮೇಲಿನದನ್ನು ಲೆನ್ಸಿನೊಳಗೆ ನಡುಕವನ್ನು ತಗ್ಗಿಸುವ ಸ್ಟೆಬಿಲೈಸರ್ ಮತ್ತು ಶಟರ್ ವೇಗ ನೋಡಿಕೊಳ್ಳುತ್ತವೆ.

ಈ ಉಪಾಯ ಹೊಸದಲ್ಲ. ಹಾರುವ ಹಕ್ಕಿಗಳ ಚಲನೆಯನ್ನು ಅಭ್ಯಾಸ ಮಾಡಲೆಂದು ಫ್ರಾನ್ಸಿನ ವಿಜ್ಞಾನಿ ಎತಿಯೆನ್ ಜೂಲ್ ಮಾರೆ 1882ರಲ್ಲಿ ಸೆಕೆಂಡಿಗೆ 12 ಚಿತ್ರ ತೆಗೆಯುವ ಕೋವಿಯಾಕಾರದ ಕ್ಯಾಮೆರಾವನ್ನೇ ಮಾಡಿದ್ದ. 1965ರಿಂದ ಸೋವಿಯತ್ ದೇಶದ ಕ್ರಾಸ್ನೊಗೊರ್ಸ್ಕ್ ಕಾರ್ಖಾನೆಯಿಂದ ಬಂದ ಜೆನಿತ್ ಫೋಟೋಸ್ನೈಪರ್ ಎಂಬ ಕ್ಯಾಮೆರಾದಲ್ಲಿ 300 ಮಿ.ಮೀ. ಲೆನ್ಸು, ಭುಜಕ್ಕೆ ಆನಿಸುವ ಹಿಡಿ, ಕೆಳಗೊಂದು ಟ್ರಿಗರ್, ಫೋಕಸ್ ತಿರುಗಿಸಲು ಒಂದು ಚಕ್ರ ಎಲ್ಲವೂ ಒಟ್ಟಿಗೆ ಇದ್ದವು. ಅದನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿದವರಿಗೆ ಇಂದಿನ ಎಷ್ಟೋ ಆಸರೆಗಳಲ್ಲಿ ಏನು ಕೊರತೆಯಿದೆಯೆಂಬುದು ತಿಳಿಯುತ್ತದೆ. ಅದರಲ್ಲಿ ಎರಡು ಕೈಗಳೂ ಹಿಡಿತವನ್ನು ಬಿಡದೆ ಫೋಕಸ್ ಮಾಡಬಹುದಿತ್ತು, ಚಿತ್ರವನ್ನೂ ತೆಗೆಯಬಹುದಿತ್ತು.

ನಾನು ಶುರು ಮಾಡಿದ್ದು ತಪ್ಪು ಆಸರೆಯಿಂದ. ಶಿವಮೊಗ್ಗದಲ್ಲಿ ಮದುವೆ ವಿಡಿಯೋ ಮಾಡುವ ಗೆಳೆಯರೊಬ್ಬರ ಬಳಿ ಶೋಲ್ಡರ್ ರಿಗ್ ಇತ್ತು. 15 ಮಿ.ಮೀ. ದಪ್ಪದ ಎರಡು ಕೊಳವೆಗಳ ಮೇಲೆ ಕ್ಯಾಮೆರಾ, ಮುಂದೆ ಎರಡು ಹಿಡಿಗಳು, ಹಿಂದೆ ಭುಜಕ್ಕೆ ಆನುವ ಪಟ್ಟಿ, ಅಂದರೆ ಪ್ಯಾಡ್. ಅದನ್ನು ಎರವಲು ಪಡೆದು ಒಂದು ಮಳೆಗಾಲದ ಬೆಳಿಗ್ಗೆ ಮಂಡಗದ್ದೆಗೆ ಹೋದೆ. ತುಂಗೆಯ ನಡುವಿನ ನಡುಗಡ್ಡೆಯ ಮರಗಳ ತುಂಬ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳ ಗೂಡುಗಳಿದ್ದವು. ಮಧ್ಯಾಹ್ನದ ತನಕ ತೆಗೆದ ಚಿತ್ರಗಳಲ್ಲಿ ಇಟ್ಟುಕೊಳ್ಳುವಂಥದ್ದು ಒಂದೂ ಇರಲಿಲ್ಲ. ಕಾರಣ ಮನೆಗೆ ಬಂದ ಮೇಲೆ ಹೊಳೆಯಿತು. ಆ ರಿಗ್ ಇರುವುದು ಮುಂದೆ ಜೋಡಿಸಿದ ಸಣ್ಣ ಪರದೆಯನ್ನು ನೋಡುತ್ತ ವಿಡಿಯೋ ಮಾಡುವವರಿಗಾಗಿ. ಅದರಲ್ಲಿ ಕ್ಯಾಮೆರಾ ಮುಖದಿಂದ ಒಂದು ಗೇಣು ಮುಂದೆ ಇರುತ್ತದೆ. ವ್ಯೂಫೈಂಡರಿಗೆ ಕಣ್ಣಿಡಲು ನಾನು ಕತ್ತನ್ನು ಚಾಚುತ್ತಿದ್ದೆ, ಕತ್ತು ಚಾಚಿದಾಗ ಭುಜ ಮೇಲೇಳುತ್ತಿತ್ತು, ಭುಜ ಎದ್ದಾಗ ಪಟ್ಟಿ ಜಾರುತ್ತಿತ್ತು. ಮೇಲಾಗಿ ಬಲಗೈಯನ್ನು ಹಿಡಿಯಿಂದ ತೆಗೆದು ಶಟರ್ ಬಟನ್ ಒತ್ತಬೇಕಾಗಿದ್ದರಿಂದ, ಸ್ಥಿರತೆ ಅತ್ಯಂತ ಬೇಕಾದ ಕ್ಷಣದಲ್ಲಿಯೇ ಅರ್ಧ ಆಧಾರ ಬಿಟ್ಟುಹೋಗುತ್ತಿತ್ತು. ರಿಗ್ಗಿನದು ತಪ್ಪಲ್ಲ, ಅದನ್ನು ಮಾಡಿದ್ದೇ ಬೇರೆ ಕೆಲಸಕ್ಕೆ.

ಹಾಗಾಗಿ ಕೊಳ್ಳುವುದಿರಲಿ, ಮಾಡಿಸುವುದಿರಲಿ, ಮೊದಲು ಮೂರು ಅಳತೆಗಳನ್ನು ತೆಗೆದುಕೊಳ್ಳಿ. ಒಂದನೆಯದು ಲೆನ್ಸು ಮತ್ತು ಕ್ಯಾಮೆರಾ ಸೇರಿದಂತೆ ಅವುಗಳ ತೂಕದ ನಡುಬಿಂದು. ಹಾಸಿಗೆಯ ಮೇಲೆ ದಪ್ಪ ಕಂಬಳಿಯನ್ನು ಮಡಚಿ ಹಾಸಿ, ಅದರ ಮೇಲೆ ಚಪಾತಿ ಲಟ್ಟಣಿಗೆಯನ್ನು ಅಡ್ಡಲಾಗಿ ಇಟ್ಟು, ಹುಡ್ ಹಾಕಿದ ಲೆನ್ಸನ್ನು ಕ್ಯಾಮೆರಾದ ಸಮೇತ ಲಟ್ಟಣಿಗೆಯ ಮೇಲೆ ಹಿಂದೆ ಮುಂದೆ ಸರಿಸಿ ನೋಡಿ. ಎರಡೂ ಕಡೆಗೆ ವಾಲದೆ ನಿಲ್ಲುವ ಜಾಗದಲ್ಲಿ ಲೆನ್ಸಿಗೆ ಸಣ್ಣ ಟೇಪ್ ಅಂಟಿಸಿ ಗುರುತು ಮಾಡಿಕೊಳ್ಳಿ. ಲೆನ್ಸು ಉರುಳದಂತೆ ಇನ್ನೊಬ್ಬರು ಪಕ್ಕದಲ್ಲಿ ಕೈಯೊಡ್ಡಿರಬೇಕು. ಝೂಮ್ ಮಾಡಿದಾಗ ಉದ್ದವಾಗುವ ಲೆನ್ಸಾದರೆ ಹೆಚ್ಚಾಗಿ ಬಳಸುವ ಉದ್ದಕ್ಕೆ ಎಳೆದಿಟ್ಟೇ ಈ ಪರೀಕ್ಷೆ ಮಾಡಬೇಕು, ಏಕೆಂದರೆ ನಡುಬಿಂದು ಝೂಮಿನೊಂದಿಗೆ ಮುಂದಕ್ಕೆ ಹೋಗುತ್ತದೆ.

ಈ ಗುರುತಿಗೆ ಇಷ್ಟು ಮಹತ್ವ ಏಕೆಂದರೆ, ಎಡಗೈ ಹಿಡಿಯುವ ಜಾಗ ಯಾವಾಗಲೂ ನಡುಬಿಂದುವಿಗಿಂತ ತುಸು ಮುಂದೆ ಇರಬೇಕು. ಒಟ್ಟು ತೂಕ 5 ಕಿಲೋ, ಎಡಗೈ ನಡುಬಿಂದುವಿನಿಂದ 10 ಸೆಂ.ಮೀ. ಮುಂದೆ, ಭುಜದ ಪಟ್ಟಿ 35 ಸೆಂ.ಮೀ. ಹಿಂದೆ ಇದೆಯೆಂದುಕೊಂಡರೆ ಭುಜದ ಮೇಲೆ ಸುಮಾರು 1.1 ಕಿಲೋ ಭಾರ ಕೂರುತ್ತದೆ, ಉಳಿದ 3.9 ಕಿಲೋ ಕೈಯ ಮೇಲೆ. ಭುಜದ ಮೇಲೆ ಕೂರುವ ಆ ಒಂದು ಕಿಲೋ ಭಾರವೇ ಪಟ್ಟಿಯನ್ನು ಅಲುಗದಂತೆ ಒತ್ತಿ ಹಿಡಿಯುತ್ತದೆ. ಅದೇ ಎಡಗೈ ನಡುಬಿಂದುವಿಗಿಂತ ಹಿಂದೆ ಬಂತೆಂದರೆ ಲೆನ್ಸಿನ ಮೂತಿ ಕೆಳಗೆ ಬಾಗಿ, ಪಟ್ಟಿ ಭುಜದಿಂದ ಮೇಲೇಳಲು ನೋಡುತ್ತದೆ, ನೀವು ಗಲ್ಲದಿಂದಲೋ ಬಲಗೈಯಿಂದಲೋ ಅದನ್ನು ಅದುಮುತ್ತಲೇ ಇರಬೇಕಾಗುತ್ತದೆ. ಈ ಲೆಕ್ಕದಿಂದ ಇನ್ನೊಂದು ಮಾತೂ ಸ್ಪಷ್ಟವಾಗುತ್ತದೆ: ಭುಜದ ಆಸರೆ ಹಾಕಿಕೊಂಡರೆ ಭಾರ ಇಲ್ಲವಾಗುತ್ತದೆಂದು ಹೇಳುವವರನ್ನು ನಂಬಬೇಡಿ. ಭಾರದ ಬಹುಪಾಲು ಆಗಲೂ ಎಡಗೈಯದೇ. ಸಿಗುವ ಲಾಭ ಸ್ಥಿರತೆಯದು.

ಎಡಗೈಯನ್ನು ಎಷ್ಟು ಮುಂದಕ್ಕೆ ಒಯ್ಯಬಹುದೆಂಬುದನ್ನು ನಿಮ್ಮ ಮೊಣಕೈಯೇ ತೀರ್ಮಾನಿಸುತ್ತದೆ, ಅದು ಎರಡನೆಯ ಅಳತೆ. ಮೊಣಕೈ ಪಕ್ಕೆಲುಬಿಗೆ ತಾಗಿಕೊಂಡಿರುವಾಗ ಅಂಗೈ ಎಲ್ಲಿಯವರೆಗೆ ಹೋಗುತ್ತದೋ ಅಲ್ಲಿಗೇ ನಿಲ್ಲಿಸಿ. ಅದಕ್ಕೂ ಮುಂದೆ ಹೋದರೆ ಮೊಣಕೈ ಗಾಳಿಯಲ್ಲಿ ತೇಲುತ್ತದೆ, ಭಾರವೆಲ್ಲ ತೋಳಿನ ಸ್ನಾಯುವಿಗೆ ಬೀಳುತ್ತದೆ. ಮೂರನೆಯದು ಕಣ್ಣಿನಿಂದ ಭುಜಕ್ಕಿರುವ ಅಂತರ. ಬರಿಯ ಕ್ಯಾಮೆರಾವನ್ನು ಕಣ್ಣಿಗೆ ಹಿಡಿದು ಆರಾಮವಾಗಿ, ಕತ್ತನ್ನು ಚಾಚದೆ ನಿಂತುಕೊಳ್ಳಿ. ಇನ್ನೊಬ್ಬರು ಪಕ್ಕದಿಂದ ಅಳತೆಪಟ್ಟಿ ಹಿಡಿದು, ವ್ಯೂಫೈಂಡರಿನ ರಬ್ಬರಿನಿಂದ ಭುಜದ ಗುಳಿಗೆ ಅಡ್ಡಕ್ಕೆ ಎಷ್ಟು, ಕೆಳಕ್ಕೆ ಎಷ್ಟು ಎಂದು ಎರಡು ಅಂಕಿಗಳನ್ನು ಬರೆದುಕೊಳ್ಳಲಿ. ನನ್ನ ಮೈಗೆ ಅಡ್ಡಕ್ಕೆ 8, ಕೆಳಕ್ಕೆ 17 ಸೆಂ.ಮೀ. ಬಂತು. ನನಗಿಂತ ಒಂದಡಿ ಎತ್ತರದವರಿಗೆ ಇದು ಒಪ್ಪುವುದಿಲ್ಲ, ಎಡಗಣ್ಣಿನಲ್ಲಿ ನೋಡುವವರಿಗೂ ಒಪ್ಪುವುದಿಲ್ಲ. ಎಡಗಣ್ಣಿನವರ ಪಟ್ಟಿ ಪಕ್ಕಕ್ಕೆ ಇನ್ನೂ ಮೂರು ನಾಲ್ಕು ಬೆರಳು ಸರಿಯಬೇಕಾಗುತ್ತದೆ. ಚಳಿಗಾಲದ ಸ್ವೆಟರ್, ಮಳೆಗಾಲದ ಜರ್ಕಿನ್ ಹಾಕಿಕೊಂಡಾಗ ಅಡ್ಡದ ಅಳತೆ ಒಂದೆರಡು ಸೆಂ.ಮೀ. ಕಡಿಮೆಯಾಗುವುದರಿಂದ ಪಟ್ಟಿಯನ್ನು ಹಿಂದೆ ಮುಂದೆ ಸರಿಸಿ ಬಿಗಿಮಾಡಲು ಬರುವಂತಿದ್ದರೆ ಒಳ್ಳೆಯದು.

ನನ್ನದನ್ನು ಮಾಡಿಕೊಟ್ಟವರು ನಮ್ಮೂರಿನ ಆಚಾರಿಯೊಬ್ಬರು. ಕಾಗದದ ಮೇಲೆ ಬರೆದ ಚಿತ್ರವನ್ನು ತೋರಿಸಿದಾಗ ಅವರು, "ಇದೆಂಥ ಮಾರಾಯ್ರೆ, ತೋಟದ ಕೋವಿಗೆ ಹಿಡಿ ಮಾಡ್ಸಕ್ ಬಂದ್ರಾ?" ಎಂದರು. ಕ್ಯಾಮೆರಾಕ್ಕೆಂದು ಹೇಳಿದ ಮೇಲೆ ಕಾಗದವನ್ನು ಪಕ್ಕಕ್ಕಿಟ್ಟು, "ಅದ್ನ ಹಿಡ್ಕಂಡು ನಿಂತ್ಕಳಿ, ಅಳತೆ ನಾನ್ ತಗೋತೀನಿ" ಎಂದು ಪೆನ್ಸಿಲನ್ನು ಕಿವಿಯ ಮೇಲಿಂದ ತೆಗೆದರು. ನಾನು ಬರೆದುಕೊಂಡು ಹೋಗಿದ್ದ ಅಂಕಿ ಎರಡು ಸೆಂ.ಮೀ. ತಪ್ಪಿತ್ತು, ಮನೆಯಲ್ಲಿ ಅಳೆಯುವಾಗ ಅರಿವಿಲ್ಲದೆ ಕತ್ತನ್ನು ಚಾಚಿದ್ದೆನೆಂದು ಕಾಣುತ್ತದೆ. ಅವರು ಹಲಸಿನ ಮರದ ಹಳೆಯ ತೊಲೆಯ ತುಂಡಿನಿಂದ ಭುಜದ ಹಿಡಿಯನ್ನು ಕಡೆದು, ನಡುವಿಗೆ ಒಂದೂವರೆ ಇಂಚು ಅಗಲ, 6 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಪಟ್ಟಿಯನ್ನು ಕೂರಿಸಿದರು. ಒಣಗಿದ ಹಲಸು, ತೇಗ ಎರಡೂ ನಡೆಯುತ್ತವೆ. ಹಸಿ ಮರ ಬೇಡ, ಒಂದೇ ಮಳೆಗಾಲಕ್ಕೆ ತಿರುಚಿಕೊಳ್ಳುತ್ತದೆ. ಆಸರೆಯ ತೂಕ 700 ಗ್ರಾಮನ್ನು ಮೀರದಂತೆ ನೋಡಿಕೊಳ್ಳಿ. ಮೀರಿದರೆ ಸ್ಥಿರತೆಯಲ್ಲಿ ಗಳಿಸಿದ್ದನ್ನು ದಣಿವಿನಲ್ಲಿ ಕಳೆದುಕೊಳ್ಳುತ್ತೀರಿ.

ಸ್ಕ್ರೂಗಳ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಕ್ಯಾಮೆರಾದ ತಳದಲ್ಲಿ ಮತ್ತು ಲೆನ್ಸಿನ ಪಾದದಲ್ಲಿ (ಟ್ರೈಪಾಡಿಗೆ ಕೂರಿಸುವ ಕೆಳಭಾಗ) ಇರುವುದು ಕಾಲಿಂಚು ದಪ್ಪದ, ಇಂಚಿಗೆ 20 ಎಳೆಯ ತೂತು. ದೊಡ್ಡ ಲೆನ್ಸುಗಳ ಪಾದದಲ್ಲಿ ಮುಕ್ಕಾಲು ಇಂಚಿನ ಅರ್ಧದಷ್ಟು, ಅಂದರೆ ಎಂಟರಲ್ಲಿ ಮೂರು ಇಂಚಿನ, ಇಂಚಿಗೆ 16 ಎಳೆಯ ತೂತೂ ಇರುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿದರೆ ಸುಲಭವಾಗಿ ಕೈಗೆ ಬರುವುದು 6 ಮಿ.ಮೀ. ಬೋಲ್ಟ್. ಅದು ಕಾಲಿಂಚಿನ ತೂತಿನೊಳಗೆ ಒಂದೆರಡು ಸುತ್ತು ಹೋಗುತ್ತದೆ, ಸರಿಹೊಂದಿದಂತೆಯೇ ಕಾಣುತ್ತದೆ. ಆದರೆ ಕಾಲಿಂಚು ಎಂದರೆ 6.35 ಮಿ.ಮೀ., ಎಳೆಗಳ ನಡುವಿನ ಅಂತರವೂ ಬೇರೆ. ಬಲವಾಗಿ ತಿರುಗಿಸಿದರೆ ಲೆನ್ಸಿನ ಪಾದದ ಎಳೆಗಳು ಹಾಳಾಗುತ್ತವೆ, ಸುಮ್ಮನೆ ಬಿಟ್ಟರೆ ಲೆನ್ಸು ಕಳಚಿ ಬೀಳುತ್ತದೆ. ಸರಿಯಾದ ಸ್ಕ್ರೂವನ್ನು ಹಳೆಯ ಟ್ರೈಪಾಡಿನಿಂದ ಕಳಚಿಕೊಂಡರೂ ಆಯಿತು. ನನ್ನ ಸಲಹೆಯೆಂದರೆ ಲೆನ್ಸಿನ ಪಾದಕ್ಕೆ 38 ಮಿ.ಮೀ. ಅಗಲದ ಆರ್ಕಾ ಪ್ಲೇಟ್ (ಅಂಚು ಓರೆಯಾಗಿರುವ ಲೋಹದ ತಗಡು) ಹಾಕಿ, ಆಸರೆಯ ಮೇಲೆ ಅದನ್ನು ಕಚ್ಚುವ ಕ್ಲಾಂಪ್ ಕೂರಿಸಿ. ಆಗ ಲೆನ್ಸನ್ನು ಹಿಂದೆ ಮುಂದೆ ಸರಿಸಿ ಹದ ಮಾಡಿಕೊಳ್ಳಬಹುದು. ಪ್ಲೇಟನ್ನು ಎರಡು ಸ್ಕ್ರೂಗಳಿಂದ ಬಿಗಿಯಬೇಕು. ಒಂದೇ ಸ್ಕ್ರೂವಿನಲ್ಲಿದ್ದರೆ ಉದ್ದನೆಯ ಲೆನ್ಸು ಅದರ ಸುತ್ತ ತಿರುಗುತ್ತ ಬರುತ್ತದೆ. ಒಮ್ಮೆ ಗಾಜನೂರಿನ ಹಿನ್ನೀರಿನ ದಂಡೆಯಲ್ಲಿ ನನ್ನ ಲೆನ್ಸು ಹೀಗೆಯೇ ಓರೆಯಾಗಿ, ಕ್ಲಾಂಪಿನಿಂದ ಅರ್ಧ ಜಾರಿತ್ತು. ಲೆನ್ಸಿನ ಕೊಂಡಿಗಳಿಗೆ ಕಟ್ಟಿದ ಪಟ್ಟಿ ಕೊರಳಲ್ಲಿದ್ದುದರಿಂದ ಉಳಿಯಿತು. ಆಸರೆ ಎಷ್ಟೇ ಗಟ್ಟಿಯಿರಲಿ, ಆ ಪಟ್ಟಿಯನ್ನು ಬಿಡಬೇಡಿ, ಪಟ್ಟಿ ಆಸರೆಗಲ್ಲದೆ ಲೆನ್ಸಿಗೇ ಕಟ್ಟಿರಲಿ.

ಬಲಗೈ ಕ್ಯಾಮೆರಾದ ಮೇಲೆಯೇ ಇದ್ದು ಬೆರಳು ಶಟರ್ ಬಟನ್ ಮೇಲಿರುವ ವಿನ್ಯಾಸ ಒಂದು. ಎಡಗೈ ಹಿಡಿಯಲ್ಲಿಯೇ ಟ್ರಿಗರ್ ಇರುವ ವಿನ್ಯಾಸ ಇನ್ನೊಂದು. ಭಾರದ ಲೆನ್ಸಿಗೆ ನಾನು ಮೊದಲನೆಯದನ್ನೇ ಮೆಚ್ಚುತ್ತೇನೆ. ಫೋಕಸ್ ಬಿಂದು, ಐಎಸ್ಒ, ಎಕ್ಸ್‌ಪೋಷರ್ ಬದಲಿಸುವ ಗುಂಡಿಗಳೆಲ್ಲ ಬಲಗೈಯ ಕೆಳಗೇ ಇರುತ್ತವೆ, ಬಲಗೈ ಕ್ಯಾಮೆರಾವನ್ನು ಹಿಂದಕ್ಕೆ, ಭುಜದ ಕಡೆಗೆ ಹಗುರವಾಗಿ ಎಳೆದುಕೊಂಡೂ ಇರಬಹುದು. ಟ್ರಿಗರ್ ಬೇಕೆನ್ನುವವರು ನಿಮ್ಮ ಕ್ಯಾಮೆರಾಕ್ಕೆ ಹೊಂದುವ ತಂತಿಯ ರಿಮೋಟನ್ನು ಹಿಡಿಗೆ ಕಟ್ಟಿಕೊಳ್ಳಬಹುದು. ಆದರೆ ಆ ರಿಮೋಟಿನ ಬಟನ್ ಎರಡು ಹಂತದ್ದಾಗಿರಬೇಕು, ಅರ್ಧ ಒತ್ತಿದಾಗ ಫೋಕಸ್, ಪೂರ್ತಿ ಒತ್ತಿದಾಗ ಚಿತ್ರ. ಹೆಬ್ಬೆರಳಿನ ಗುಂಡಿಯಿಂದ ಮಾತ್ರ ಫೋಕಸ್ ಆಗುವಂತೆ ಕ್ಯಾಮೆರಾವನ್ನು ಹೊಂದಿಸಿಕೊಂಡಿರುವವರಿಗೆ ರಿಮೋಟಿನ ಅರ್ಧ ಒತ್ತು ಕೆಲಸ ಮಾಡುವುದಿಲ್ಲ. ಹಕ್ಕಿ ಎದುರಿಗಿರುವಾಗ ಇದು ತಿಳಿದರೆ ಬಹಳ ಬೇಸರವಾಗುತ್ತದೆ, ಮನೆಯಲ್ಲೇ ಪರೀಕ್ಷಿಸಿಕೊಳ್ಳಿ.

ಇನ್ನು ಹಿಡಿಯುವ ಕ್ರಮ. ಎಡಗಾಲು ಒಂದು ಹೆಜ್ಜೆ ಮುಂದೆ, ಬಲಗಾಲು ಹಿಂದೆ ತುಸು ಓರೆಯಾಗಿ, ಮಂಡಿಗಳು ಸಡಿಲವಾಗಿರಲಿ. ಪಟ್ಟಿಯನ್ನು ಭುಜದ ತುದಿಯ ಗುಂಡಗಿನ ಮೂಳೆಯ ಮೇಲಿಡಬಾರದು, ಕೊರಳ ಕೆಳಗಿನ ಮೂಳೆ ಮತ್ತು ತೋಳು ಸೇರುವಲ್ಲಿರುವ ಮೆತ್ತನೆಯ ಗುಳಿಯಲ್ಲಿ ಕೂರಿಸಬೇಕು. ಎಡ ಅಂಗೈಯನ್ನು ಮೇಲ್ಮುಖವಾಗಿ ಮಾಡಿ ಲೆನ್ಸನ್ನು ಅದರ ಮೇಲೆ ಮಲಗಿಸಿ. ಬೆರಳುಗಳಿಂದ ಬಿಗಿಯಾಗಿ ಹಿಡಿದರೆ ಮುಂದೋಳಿನ ನಡುಕ ಲೆನ್ಸಿಗೆ ಹೋಗುತ್ತದೆ. ತುಂಬಿದ ಕೊಡವನ್ನು ಸೊಂಟಕ್ಕೇರಿಸಿಕೊಂಡವರು ಅದನ್ನು ಅದುಮುವುದಿಲ್ಲ, ಕೂರಿಸಿಕೊಳ್ಳುತ್ತಾರಷ್ಟೇ. ಎಡ ಮೊಣಕೈ ಪಕ್ಕೆಲುಬಿಗೆ ಆತುಕೊಂಡಿರಲಿ. ಹುಬ್ಬು ವ್ಯೂಫೈಂಡರಿನ ರಬ್ಬರಿಗೆ ಹಗುರವಾಗಿ ತಾಗಿರಲಿ, ಅದು ಮೂರನೆಯ ಆಧಾರ. ಹಾಗೆ ನಿಂತ ಮೇಲೆ ಒಮ್ಮೆ ಕಣ್ಣು ಮುಚ್ಚಿ, ಎರಡು ಉಸಿರು ಬಿಟ್ಟು ಕಣ್ಣು ತೆರೆಯಿರಿ. ಹಕ್ಕಿ ಇದ್ದ ಜಾಗದಿಂದ ಚೌಕಟ್ಟು ಎಡಕ್ಕೋ ಬಲಕ್ಕೋ ಸರಿದಿದ್ದರೆ ಕೈಯಿಂದ ಎಳೆದು ಸರಿಮಾಡಬೇಡಿ. ಪಾದಗಳನ್ನು ತಿರುಗಿಸಿ ಇಡೀ ಮೈಯನ್ನು ಹಕ್ಕಿಯ ಕಡೆಗೆ ಮಾಡಿ. ಸ್ನಾಯುಗಳ ಎಳೆತದಿಂದ ತಡೆದು ಹಿಡಿದ ಗುರಿ ಕ್ಷಣಕ್ಷಣಕ್ಕೂ ಜಾರುತ್ತಿರುತ್ತದೆ.

ಉಸಿರನ್ನು ಎಳೆದುಕೊಂಡು, ಅರ್ಧದಷ್ಟು ಹೊರಬಿಟ್ಟು, ಅಲ್ಲಿ ಎರಡು ಮೂರು ಸೆಕೆಂಡು ತಡೆದು ಚಿತ್ರ ತೆಗೆಯಿರಿ. ಅದಕ್ಕಿಂತ ಹೆಚ್ಚು ಹೊತ್ತು ತಡೆದರೆ ಎದೆಬಡಿತ ಎದ್ದು ಕಾಣತೊಡಗುತ್ತದೆ. ಬೆರಳನ್ನು ಬಟನ್ನಿನ ಮೇಲೆ ಕುಟ್ಟಬಾರದು, ಉರುಳಿಸುವಂತೆ ಒತ್ತಬೇಕು. ಒಂದರ ಬದಲಿಗೆ ಸಾಲಾಗಿ ನಾಲ್ಕೈದು ಚಿತ್ರ ತೆಗೆಯುವುದು ಸಂಕೋಚಪಡುವ ಸಂಗತಿಯಲ್ಲ. ಮೊದಲನೆಯದರಲ್ಲಿ ಬೆರಳಿನ ಒತ್ತಿನಿಂದಾದ ಅಲುಗಾಟವಿರುತ್ತದೆ, ಎರಡನೆಯದೋ ಮೂರನೆಯದೋ ಅನೇಕ ಸಲ ಹೆಚ್ಚು ಸ್ಫುಟವಾಗಿರುತ್ತದೆ. ಸಾಧ್ಯವಿದ್ದಾಗಲೆಲ್ಲ ಕುಳಿತುಕೊಳ್ಳಿ ಅಥವಾ ಒಂದು ಮಂಡಿಯೂರಿ. ಮಂಡಿಯೂರಿದಾಗ ಮೊಣಕೈಯ ಮೊನೆಯನ್ನು ಮಂಡಿಚಿಪ್ಪಿನ ಮೇಲೆ ಇಡುವುದು ಸಾಮಾನ್ಯವಾಗಿ ಆಗುವ ತಪ್ಪು. ಮೂಳೆಯ ಮೇಲೆ ಮೂಳೆ ಜಾರುತ್ತದೆ. ಮೊಣಕೈಗಿಂತ ತುಸು ಮೇಲಿನ ತೋಳಿನ ಮಾಂಸಲ ಭಾಗವನ್ನು ಮಂಡಿಯ ಮೇಲೆ ಇಡಿ. ಮಳೆಗಾಲದ ತರಗೆಲೆಯ ಮೇಲೆ ಮಂಡಿಯೂರುವ ಮುನ್ನ ಉಂಬಳ ಹತ್ತದಂತೆ ದಪ್ಪ ಬಟ್ಟೆಯ ಉದ್ದನೆಯ ಕಾಲುಚೀಲ ಹಾಕಿಕೊಂಡಿರಬೇಕು. ಕತ್ತಿನ ಹಿಂದೆ ಉಂಬಳ ಹರಿದಾಡುತ್ತಿರುವಾಗ ಯಾವ ಆಸರೆಯಿದ್ದರೂ ಕೈ ನಿಲ್ಲುವುದಿಲ್ಲ.

ಕ್ಯಾಮೆರಾದ ಹೊಂದಿಕೆಯಲ್ಲಿ ಹಳೆಯ ಲೆಕ್ಕವನ್ನೇ ಆಧಾರವಾಗಿ ಇಟ್ಟುಕೊಳ್ಳಬಹುದು: ಲೆನ್ಸು 600 ಮಿ.ಮೀ. ಆದರೆ ಶಟರ್ ವೇಗ ಸೆಕೆಂಡಿನ 600ರಲ್ಲಿ ಒಂದು ಭಾಗಕ್ಕಿಂತ ನಿಧಾನವಾಗಿರಬಾರದು, 1.5 ಕ್ರಾಪಿನ, ಅಂದರೆ ಸಣ್ಣ ಸೆನ್ಸರಿನ, ಕ್ಯಾಮೆರಾ ಆದರೆ 900ರಲ್ಲಿ ಒಂದು. ಸ್ಟೆಬಿಲೈಸರ್ ಮತ್ತು ಭುಜದ ಆಸರೆ ಎರಡೂ ಇದ್ದಾಗ, ಕುಳಿತಿರುವ ಹಕ್ಕಿಗೆ ನಾನು 1/250ರವರೆಗೆ ಧೈರ್ಯವಾಗಿ ಇಳಿಯುತ್ತೇನೆ. ಜುಲೈ ತಿಂಗಳ ಆಗುಂಬೆಯ ಕಾಡಿನೊಳಗೆ, ಎಫ್ 5.6ರಲ್ಲಿ ಐಎಸ್ಒ 3200 ಇಟ್ಟರೂ 1/125ಕ್ಕೆ ಇಳಿಯಬೇಕಾದ ಬೆಳಿಗ್ಗೆಗಳು ಬರುತ್ತವೆ. ಆಗ ಹತ್ತರಲ್ಲಿ ಎರಡು ಉಳಿದರೆ ಸಂತೋಷಪಡುತ್ತೇನೆ. ಹಾರುವ ಹಕ್ಕಿಗೆ ಮಾತ್ರ ಆಸರೆಯಿದೆಯೆಂದು ವೇಗ ತಗ್ಗಿಸಬೇಡಿ, ಅಲ್ಲಿ ಅಲುಗುವುದು ರೆಕ್ಕೆ. 1/2000 ಅಥವಾ ಅದಕ್ಕಿಂತ ಹೆಚ್ಚೇ ಬೇಕು. ಸ್ಟೆಬಿಲೈಸರ್ ನೆಲೆಗೊಳ್ಳಲು ಸ್ವಲ್ಪ ಹೊತ್ತು ಬೇಕಾಗುವುದರಿಂದ ಬಟನ್ನನ್ನು ಅರ್ಧ ಒತ್ತಿ, ವ್ಯೂಫೈಂಡರಿನ ಚಿತ್ರ ನಿಂತಂತೆ ಕಂಡ ಮೇಲೆ ಪೂರ್ತಿ ಒತ್ತಿ.

ದೋಣಿಯಲ್ಲಿ ಈ ಆಸರೆಯ ಬೆಲೆ ಚೆನ್ನಾಗಿ ತಿಳಿಯುತ್ತದೆ. ಬೇಸಿಗೆಯಲ್ಲಿ ಭದ್ರಾ ಜಲಾಶಯದ ನೀರು ಇಳಿದು ನಡುಗಡ್ಡೆಗಳು ಮೇಲೇಳುತ್ತವೆ, ಅವುಗಳ ಮೇಲೆ ರಿವರ್ ಟರ್ನ್ ಹಕ್ಕಿಗಳು ಗುಂಪುಗುಂಪಾಗಿ ಗೂಡು ಮಾಡುತ್ತವೆ. ದೋಣಿಯಲ್ಲಿ ಕುಳಿತವರು ಮೊದಲು ಮಾಡುವ ಕೆಲಸವೆಂದರೆ ಲೆನ್ಸನ್ನು ದೋಣಿಯ ಅಂಚಿನ ಮೇಲೆ ಊರುವುದು. ಊರಿದೊಡನೆ ಎಂಜಿನ್ನಿನ ಅದುರು ಅದರೊಳಗೆ ಇಳಿಯುತ್ತದೆ. ಅಂಚಿಗೆ ಮೊಣಕೈಯನ್ನೂ ತಾಗಿಸಬೇಡಿ. ಬೆನ್ನನ್ನು ಯಾವುದಕ್ಕೂ ಒರಗಿಸದೆ, ಪಾದಗಳನ್ನು ಅಗಲವಾಗಿ ಊರಿ, ಸೊಂಟದಿಂದ ಮೇಲಿನ ಮೈಯನ್ನು ಸಡಿಲ ಬಿಟ್ಟು ಕುಳಿತರೆ ದೋಣಿಯ ಓಲಾಟವನ್ನು ಸೊಂಟವೇ ನುಂಗಿಕೊಳ್ಳುತ್ತದೆ, ಭುಜದ ಮೇಲಿನ ಲೆನ್ಸು ದಿಗಂತಕ್ಕೆ ನೇರವಾಗಿ ನಿಲ್ಲುತ್ತದೆ. ಅಲ್ಲಿ ಒಮ್ಮೆ ಟರ್ನ್ ಒಂದು ಬೆಳ್ಳಿಯ ಬಣ್ಣದ ಸಣ್ಣ ಮೀನನ್ನು ಹಳದಿ ಕೊಕ್ಕಿನಲ್ಲಿ ಅಡ್ಡ ಹಿಡಿದು ಮರಿಯ ಬಳಿ ಇಳಿಯಿತು. ಮರಿ ಬಾಯ್ದೆರೆದಾಗ ಮೀನಿನ ಬಾಲದಿಂದ ತೊಟ್ಟಿಕ್ಕಿದ ನೀರಿನ ಹನಿಯವರೆಗೂ ಆ ಚಿತ್ರದಲ್ಲಿ ಸ್ಫುಟವಾಗಿ ಬಂದಿದೆ. ಬರಿಗೈಯಲ್ಲಿ ನಾನು ಅದನ್ನು ತೆಗೆಯಲಾರದವನಾಗಿದ್ದೆ. ನಿಕಾನ್ ಬಳಸುವವರ ಕೆಲವು ಲೆನ್ಸುಗಳಲ್ಲಿ ಚಲಿಸುವ ವಾಹನದಿಂದ ಚಿತ್ರ ತೆಗೆಯಲೆಂದೇ ಆಕ್ಟಿವ್ ಎಂಬ ಹೊಂದಿಕೆಯಿದೆ, ದೋಣಿಗೆ ಅದೇ ಸರಿ. ಉದ್ದನೆಯ ಲೆನ್ಸು ಇರುವುದೇ ದೂರದಿಂದ ತೆಗೆಯಲಿಕ್ಕೆ, ಆದ್ದರಿಂದ ದೋಣಿಯನ್ನು ಗೂಡುಗಳ ಹತ್ತಿರಕ್ಕೆ ಒಯ್ಯಿರೆಂದು ನಡೆಸುವವರನ್ನು ಒತ್ತಾಯಿಸಬಾರದು. ತಾಯಿಹಕ್ಕಿ ಎದ್ದುಹೋದರೆ ಬಿಸಿಲಿಗೆ ಕಾದ ಕಲ್ಲಿನ ಮೇಲಿನ ಮೊಟ್ಟೆಗಳ ಗತಿಯೇನು?

ನೆತ್ತಿಯ ಮೇಲೆ ಹಾರುವ ಹಕ್ಕಿಗಳಿಗೆ ಲೆನ್ಸನ್ನು ಎತ್ತುವಾಗ ಪಟ್ಟಿ ಭುಜದಿಂದ ಕೆಳಗೆ ಜಾರುತ್ತದೆ. ತಲೆಯನ್ನು ಮಾತ್ರ ಹಿಂದಕ್ಕೆ ಬಗ್ಗಿಸದೆ, ಬಲಗಾಲನ್ನು ಇನ್ನಷ್ಟು ಹಿಂದಿಟ್ಟು ಸೊಂಟದಿಂದಲೇ ಹಿಂದಕ್ಕೆ ವಾಲಬೇಕು. ಪಟ್ಟಿ ತಿರುಗಣೆಯ ಮೇಲೆ ಕೂತಿದ್ದರೆ ಇನ್ನೂ ಅನುಕೂಲ. ಮಂಗಟ್ಟೆ ಬರುವ ಮೊದಲೇ ಅದರ ರೆಕ್ಕೆಯ ಸದ್ದು ಕೇಳಿಸುತ್ತದೆ. ಸದ್ದು ಕೇಳಿದಾಗಲೇ ಲೆನ್ಸನ್ನು ಭುಜಕ್ಕೇರಿಸಿ, ಬರಿಗಣ್ಣಿನಿಂದ ಹಕ್ಕಿಯನ್ನು ನೋಡುತ್ತಲೇ ಲೆನ್ಸನ್ನು ಕಣ್ಣಿನ ದಾರಿಗೆ ತನ್ನಿ. ವ್ಯೂಫೈಂಡರಿನೊಳಗೆ ಆಕಾಶವನ್ನು ಹುಡುಕುತ್ತ ಹೋದರೆ ನಾಲ್ಕು ಡಿಗ್ರಿಯ ಕಿಂಡಿಯಲ್ಲಿ ಹಕ್ಕಿ ಸಿಗುವುದಿಲ್ಲ.

ಮಲೆನಾಡಿನ ಮಳೆ ಆಸರೆಯನ್ನೂ ಬಿಡುವುದಿಲ್ಲ. ಪಟ್ಟಿಗೆ ಹಾಕಿದ ಸ್ಪಂಜು ನೀರು ಕುಡಿದು ಭಾರವಾಗುತ್ತದೆ, ಚರ್ಮ ಹಾಕಿದರೆ ವಾರದಲ್ಲಿ ಬೂಷ್ಟು ಹಿಡಿಯುತ್ತದೆ, ರೆಕ್ಸಿನ್ ಒದ್ದೆ ಜರ್ಕಿನ್ನಿನ ಮೇಲೆ ಜಾರುತ್ತದೆ. ಎಲ್ಲವನ್ನೂ ನೋಡಿ ಕೊನೆಗೆ ನಾನು ಹಳೆಯ ಕಂಬಳಿಯ ತುಂಡನ್ನು ನಾಲ್ಕು ಮಡಿಕೆ ಮಾಡಿ ಪಟ್ಟಿಗೆ ಹೊಲಿಸಿಕೊಂಡೆ. ಒರಟಾದ ಉಣ್ಣೆ ನೆನೆದರೂ ಜಾರುವುದಿಲ್ಲ, ಒಲೆಯ ಪಕ್ಕದಲ್ಲಿ ಒಂದು ರಾತ್ರಿ ಇಟ್ಟರೆ ಒಣಗುತ್ತದೆ. ಸ್ಕ್ರೂಗಳು ಸ್ಟೇನ್‌ಲೆಸ್ ಸ್ಟೀಲಿನವೋ ಹಿತ್ತಾಳೆಯವೋ ಆಗಿರಲಿ. ಮರಕ್ಕೆ ಮಳೆಗಾಲಕ್ಕೆ ಮುಂಚೆ ಅಗಸೆ ಎಣ್ಣೆ ಹಚ್ಚಿ ಒಣಗಿಸಿ. ಮನೆಗೆ ಬಂದೊಡನೆ ಲೆನ್ಸನ್ನು ಆಸರೆಯಿಂದ ಕಳಚಿ, ಒದ್ದೆ ಆಸರೆಯನ್ನು ಲೆನ್ಸಿನ ಪೆಟ್ಟಿಗೆಯೊಳಗೆ ಯಾವ ಕಾರಣಕ್ಕೂ ಸೇರಿಸದೆ, ಬೇರೆಯಾಗಿ ಇಡಿ. ಲೆನ್ಸಿನ ಗಾಜಿಗೆ ಫಂಗಸ್ ಬರಲು ಆ ತೇವವೊಂದೇ ಸಾಕು.

ಇನ್ನೊಂದು ವಿಷಯವನ್ನು ನಾನು ಬಹಳ ಗಂಭೀರವಾಗಿ ಹೇಳುತ್ತೇನೆ. ಈ ಆಸರೆ ದೂರದಿಂದ ಕೋವಿಯಂತೆಯೇ ಕಾಣುತ್ತದೆ. ತೋಟ ಕಾಯಲು ಲೈಸೆನ್ಸಿನ ಕೋವಿ ಇಟ್ಟುಕೊಂಡಿರುವ ಮನೆಗಳೂ, ಕಳ್ಳಬೇಟೆಯ ಮೇಲೆ ಕಣ್ಣಿಟ್ಟಿರುವ ಅರಣ್ಯ ಸಿಬ್ಬಂದಿಯೂ ಇರುವ ಸೀಮೆ ನಮ್ಮದು. ಮುಸ್ಸಂಜೆಯಲ್ಲಿ ಕಾಡಂಚಿನಲ್ಲಿ ಭುಜಕ್ಕೆ ಏನನ್ನೋ ಆನಿಸಿಕೊಂಡು ನಿಂತವರನ್ನು ಕಂಡರೆ ಯಾರಿಗೂ ಸಂಶಯ ಬರುವುದು ಸಹಜ. ಆಸರೆಗೆ ಕಪ್ಪು ಬಣ್ಣ ಬೇಡ, ಹಳದಿಯೋ ಕಿತ್ತಳೆಯೋ ಬಳಿಯಿರಿ. ಊರೊಳಗೆ, ಬಸ್ಸಿನಲ್ಲಿ, ಶಾಲೆಯ ಹತ್ತಿರ ಅದನ್ನು ಚೀಲದಿಂದ ಹೊರಗೆ ತೆಗೆಯಬೇಡಿ. ಯಾವ ಮನುಷ್ಯರ ಕಡೆಗೂ ಅದನ್ನು ಹಿಡಿಯಬೇಡಿ. ಅರಣ್ಯ ಇಲಾಖೆಯ ಅನುಮತಿಯಿರುವ ಜಾಗದಲ್ಲಿಯೂ ಗೇಟಿನಲ್ಲೇ ಆಸರೆಯನ್ನು ಬಿಚ್ಚಿ ತೋರಿಸಿ ಮುಂದೆ ಹೋಗಿ.

ಯಾವ ಲೆನ್ಸಿಗೆ ಇದು ಬೇಕು ಎಂದು ಕೇಳುವವರಿಗೆ ನನ್ನ ಅಭಿಪ್ರಾಯ ಇಷ್ಟು. ನಿಕಾನಿನ 500 ಮಿ.ಮೀ. ಪಿಎಫ್ ಲೆನ್ಸಿನ ತೂಕ ಒಂದೂವರೆ ಕಿಲೋಗೂ ಕಡಿಮೆ. ಅಂಥವಕ್ಕೆ ಇದರ ಅಗತ್ಯವೇ ಇಲ್ಲ. ಎರಡರಿಂದ ಮೂರು ಕಿಲೋದೊಳಗಿನ 150-600, 200-500 ಮಿ.ಮೀ. ಝೂಮ್‌ಗಳಿಗೆ ಇದು ಅತ್ಯಂತ ಒಪ್ಪುತ್ತದೆ. ಕ್ಯಾನನ್ನಿನ 600 ಮಿ.ಮೀ. ಎಫ್ 4 ಲೆನ್ಸಿನ ಮೊದಲ ಐಎಸ್ (ಸ್ಟೆಬಿಲೈಸರ್ ಇರುವ) ಮಾದರಿ 5.36 ಕಿಲೋ ಇತ್ತು, 2018ರ ಮೂರನೆಯ ಮಾದರಿ 3.05 ಕಿಲೋಗೆ ಇಳಿದಿದೆ. ಹಳೆಯದನ್ನು ಸೆಕೆಂಡ್‌ಹ್ಯಾಂಡ್‌ನಲ್ಲಿ ಕೊಂಡವರು ಕಾಯುವಾಗ ಒಂಟಿಕಾಲಿನ ಮಾನೊಪಾಡ್ ಮೇಲಿಟ್ಟು, ಹಕ್ಕಿ ಹಾರುವ ಹೊತ್ತಿಗೆ ಮಾತ್ರ ಭುಜಕ್ಕೇರಿಸುವುದು ಒಳ್ಳೆಯದು. ಭುಜ, ಕತ್ತಿನ ನೋವಿರುವವರು ಅದನ್ನೂ ಮಾಡಬಾರದು.

ಆಸರೆ ಸಿದ್ಧವಾದ ದಿನವೇ ಕಾಡಿಗೆ ಹೊರಡಬೇಡಿ. ಅಂಗಳದ ಆ ತುದಿಯ ಗೋಡೆಗೆ ದಿನಪತ್ರಿಕೆಯ ಒಂದು ಹಾಳೆಯನ್ನು ಅಂಟಿಸಿ, ಇಪ್ಪತ್ತು ಮೀಟರ್ ದೂರದಿಂದ 1/1000, 1/500, 1/250, 1/125ರಲ್ಲಿ ಹತ್ತು ಹತ್ತು ಚಿತ್ರಗಳನ್ನು ಮೊದಲು ಬರಿಗೈಯಲ್ಲಿ, ಆಮೇಲೆ ಆಸರೆಯಲ್ಲಿ ತೆಗೆಯಿರಿ. ಪ್ರತಿ ವೇಗದಲ್ಲಿಯೂ ಸಣ್ಣ ಅಕ್ಷರಗಳನ್ನು ಓದಲು ಬರುವ ಚಿತ್ರಗಳೆಷ್ಟೆಂದು ಎಣಿಸಿ ಬರೆದಿಡಿ. ಎರಡರ ನಡುವೆ ಸ್ಪಷ್ಟವಾದ ವ್ಯತ್ಯಾಸ ಕಾಣದಿದ್ದರೆ ಅಳತೆ ತಪ್ಪಿದೆ. ಪಟ್ಟಿಯನ್ನು ಒಂದು ಸೆಂ.ಮೀ. ಹಿಂದಕ್ಕೆ, ಆಮೇಲೆ ಮುಂದಕ್ಕೆ, ಲೆನ್ಸನ್ನು ಕ್ಲಾಂಪಿನಲ್ಲಿ ಎರಡು ಬೆರಳು ಅತ್ತಿತ್ತ ಸರಿಸಿ ಮತ್ತೆ ತೆಗೆಯಿರಿ. ನನಗೆ ಹೀಗೆ ಹದ ಸಿಗಲು ಮೂರು ಭಾನುವಾರಗಳು ಹಿಡಿದವು. ಹದ ಸಿಕ್ಕ ಜಾಗದಲ್ಲಿ ಅಲ್ಯೂಮಿನಿಯಂ ಪಟ್ಟಿಯ ಮೇಲೆ ಮೊಳೆಯಿಂದ ಒಂದು ಗೀರು ಹಾಕಿಕೊಳ್ಳಿ. ಕತ್ತಲಲ್ಲಿ ಬೆರಳಿನಿಂದ ಮುಟ್ಟಿದರೂ ಅದು ತಿಳಿಯುವಂತಿರಲಿ.